ಪುತ್ತರಿಗೆ ಮೊದಲು ಕೊಯ್ದ ಕದಿರು

ನಾನು ಹಳೆಯ ಕಾಲದ ಕ್ರೈಸ್ತಳು. ಹೆಮ್ಮೆಗೆ ಹೇಳುವ ಮಾತಲ್ಲ ಇದು, ನಾಚಿಕೆಯಿಂದಲೂ ಹೇಳುತ್ತಿಲ್ಲ. ಕೆಲವರಿಗೆ ಸಕ್ಕರೆಯಿಲ್ಲದ ಕಾಫಿ ರೂಢಿಯಾಗಿರುವ ಹಾಗೆ ನನಗೆ ಇದು ರೂಢಿ. ಭಾನುವಾರ ಬಟ್ಟೆ ಒಗೆಯುವುದಿಲ್ಲ. ಗುಡಿಯ ಪ್ರಸಾದ ತಿನ್ನುವುದಿಲ್ಲ. ಕೊಟ್ಟವರಿಗೆ ಬೇಸರವಾಗದ ಹಾಗೆ ಬೇಡವೆನ್ನುವುದನ್ನು ಅಪ್ಪನಿಂದ ಕಲಿತಿದ್ದೇನೆ. ನಾವು ದೇವಾಲಯವೆನ್ನುವ ಚರ್ಚಿನಲ್ಲಿ ತಲೆಯ ಮೇಲೆ ಸೆರಗಿಲ್ಲದೆ ಕೂತ ಹುಡುಗಿಯರನ್ನು ಕಂಡರೆ ಈಗಲೂ ನನ್ನ ಕೈ ತುರಿಸುತ್ತದೆ. ಬೈಬಲ್ಲಿನಲ್ಲಿ ಬರೆದದ್ದು ಬರೆದ ಹಾಗೆಯೇ ನಡೆಯಿತೆಂದು ನಂಬುತ್ತೇನೆ. ಅದು ಸಾಂಕೇತಿಕ, ಇದು ಆ ಕಾಲದ ಕಲ್ಪನೆ ಎಂದು ಯಾರಾದರೂ ವಿವರಿಸಲು ಹೊರಟರೆ ಹೆಣಿಗೆ ಕೈಗೆತ್ತಿಕೊಳ್ಳುತ್ತೇನೆ. ವಾದ ಮಾಡುವ ಚಪಲ ಒಂದು ಕಾಲದಲ್ಲಿ ನನಗೂ ಬೇಕಾದಷ್ಟಿತ್ತು. ಅತ್ತಿಗೆಯ ಗದ್ದೆಯ ವಿಷಯದಲ್ಲಿ ನಮ್ಮ ದೇವಾಲಯದ ಸಭೆಯಲ್ಲಿ ಎದ್ದ ರಗಳೆಯ ನಂತರ ಅದು ಹೊರಟುಹೋಯಿತು.

ಕೊಡಗು ಆಗ ತನ್ನಷ್ಟಕ್ಕೇ ಒಂದು ರಾಜ್ಯ. ಮಡಿಕೇರಿಯಲ್ಲಿ ನಮಗೆಂದೇ ಮುಖ್ಯಮಂತ್ರಿ, ನಮಗೆಂದೇ ಪುಟ್ಟ ವಿಧಾನಸಭೆ. ಆದರೆ ಇದು ಎಷ್ಟು ದಿನದ ಸಂಸಾರ ಎಂಬ ಮಾತು ಶುರುವಿನಿಂದಲೇ ಇತ್ತು. ಮೈಸೂರಿಗೆ ಸೇರಬೇಕೆನ್ನುವವರು ಒಂದು ಕಡೆ, ಸೇರಿದರೆ ಕೊಡಗು ಮುಗಿಯಿತೆನ್ನುವವರು ಇನ್ನೊಂದು ಕಡೆ. ಅಮ್ಮತ್ತಿಯ ಸಂತೆಯಲ್ಲಿ ಕರಿಮೆಣಸು ಅಳೆಯುವಾಗ ಇದೇ ಮಾತು, ವಿರಾಜಪೇಟೆಯ ಬಸ್ಸಿನಲ್ಲಿ ನಿಂತರೂ ಇದೇ ಮಾತು. ದೇವಾಲಯದೊಳಗೆ ಬಂದರೆ ಅಲ್ಲಿ ಬೇರೆ ಬಗೆಯ ಸೇರುವ ಮಾತು: ದಕ್ಷಿಣದ ಬೇರೆ ಬೇರೆ ಸಭೆಗಳು ಸೇರಿ ಒಂದಾಗಿದ್ದವು. ನಮಗೆ ಬಿಷಪರು ಬೇಕೇ ಬೇಡವೇ, ರಾತ್ರಿಭೋಜನದ ಮೇಜಿನ ಮೇಲೆ ಮೇಣದಬತ್ತಿ ಹಚ್ಚಬಹುದೇ, ಹಳೆಯ ಗೀತೆಗಳನ್ನು ಬಿಟ್ಟು ತಾಳ ಹಾಕುವ ಹಾಡು ಹಾಡಬಹುದೇ ಎಂದು ಪ್ರತಿ ಕಮಿಟಿಯಲ್ಲೂ ಜಗಳ. ನಾನು ಎಲ್ಲದಕ್ಕೂ ಬೇಡವೆನ್ನುವ ಪಕ್ಷ. ಬೇಡವೆನ್ನುವವರಿಗೆ ಒಂದು ಅನುಕೂಲವಿದೆ, ಹೆಚ್ಚು ವಿವರಿಸಬೇಕಾಗಿಲ್ಲ.

ನಮ್ಮ ದೇವಾಲಯ ಅಮ್ಮತ್ತಿಯಿಂದ ಆಚೆ, ಎಸ್ಟೇಟುಗಳ ನಡುವಿನ ಒಂದು ದಿಣ್ಣೆಯ ಮೇಲಿತ್ತು. ಕೆಳಗೆ ಮಿಶನ್ ಶಾಲೆ; ಅಲ್ಲಿ ನಾನು ಸಣ್ಣ ಕ್ಲಾಸಿನ ಟೀಚರ್. ಮದುವೆಯಾಗಿರಲಿಲ್ಲ. ಅಣ್ಣ ಮಲೇರಿಯಾದಲ್ಲಿ ತೀರಿಕೊಂಡ ಮೇಲೆ ಅತ್ತಿಗೆಯೂ ಅವಳ ಇಬ್ಬರು ಹೆಣ್ಣುಮಕ್ಕಳೂ ನಾನೂ ಒಂದೇ ಮನೆಯಲ್ಲಿದ್ದೆವು. ಮನೆ ನಮ್ಮದಲ್ಲ. ಅದು ಮುಂದಿನ ಗದ್ದೆಗೆ ಸೇರಿದ್ದು, ಗದ್ದೆ ಒಂದು ಕೊಡವ ಮನೆತನದ್ದು. ನಮ್ಮ ಅಜ್ಜ ಅದನ್ನು ವಾರಕ್ಕೆ ಹಿಡಿದಿದ್ದರು, ಎಂದರೆ ಬೆಳೆದದ್ದರಲ್ಲಿ ಅರ್ಧ ಒಡೆಯರಿಗೆ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಅಣ್ಣನಿಗೆ, ಅಣ್ಣ ಹೋದ ಮೇಲೆ ಅತ್ತಿಗೆಗೆ ಬಂದಿತ್ತು. ಹೆಂಗಸು ಗದ್ದೆ ಮಾಡುತ್ತಾಳೆಯೇ ಎಂದು ಕೇಳಿದವರಿಗೆ ಅತ್ತಿಗೆ, “ಗದ್ದೆಗೆ ಮೀಸೆ ಬೇಕಾ?” ಎಂದಿದ್ದಳು. ಅದು ಹೋದರೆ ಅವಳಿಗೆ ಎಸ್ಟೇಟಿನ ಕೂಲಿ ಲೈನೇ ಗತಿ. ಒಂದು ಕೋಣೆ, ಸಾಲಾಗಿ ಇಪ್ಪತ್ತು ಮನೆಯ ಹೊಗೆ, ಮಕ್ಕಳಿಗೂ ಕಾಫಿ ಪಿಕಿಂಗ್. ಅಣ್ಣನಿದ್ದಾಗ ಅವನು ಪದೇ ಪದೇ ಹೇಳುತ್ತಿದ್ದ ಮಾತು, ನನ್ನ ಮಕ್ಕಳು ಲೈನಿಗೆ ಹೋಗಬಾರದು ಎಂಬುದೇ.

ಈಗ ಪುತ್ತರಿಯ, ಎಂದರೆ ಕೊಡವರ ಹೊಸ ಅಕ್ಕಿಯ ಹಬ್ಬದ, ವಿಷಯ ಹೇಳಬೇಕು. ಕೊಡಗಿನಲ್ಲಿ ಭತ್ತ ಎಷ್ಟೇ ಹಣ್ಣಾಗಿ ನಿಂತಿರಲಿ, ಪುತ್ತರಿಯ ಮುಹೂರ್ತದಲ್ಲಿ ಒಡೆಯರ ಮನೆಯವರು ದೀಪ ಹಿಡಿದು ಗದ್ದೆಗೆ ಬಂದು ಮೊದಲ ಕದಿರು ತೆಗೆಯುವವರೆಗೆ ಯಾರೂ ಕುಡುಗೋಲು ಹಾಕುವುದಿಲ್ಲ. ನಮ್ಮವರು ಕ್ರೈಸ್ತರಾದಾಗ ಅಜ್ಜನೂ ಒಡೆಯರ ಮನೆಯ ಹಿರಿಯರೂ ಮಾತನಾಡಿಕೊಂಡು ಒಂದು ದಾರಿ ಮಾಡಿಕೊಂಡಿದ್ದರು. ಕದಿರು ತೆಗೆಯಲು ನಾವು ಬರುವುದಿಲ್ಲ, ಬನ್ನಿ ಎಂದು ಅವರು ಕರೆಯುವುದೂ ಇಲ್ಲ. ಅವರು ತೆಗೆಯುವ ಮೊದಲು ನಾವು ಗದ್ದೆಗೆ ಇಳಿಯುವುದಿಲ್ಲ. ಪುತ್ತರಿಯ ಸಂಜೆ ಅಪ್ಪ ಬಾಗಿಲು ಮುಂದೆ ಮಾಡಿ, ನಮ್ಮನ್ನೆಲ್ಲ ಕೂರಿಸಿಕೊಂಡು ಕೀರ್ತನೆ ಓದುತ್ತಿದ್ದರು. ಹೊರಗೆ ಗುಂಡು ಹಾರಿದ ಸದ್ದು, ಆಮೇಲೆ “ಪೊಲಿ ಪೊಲಿ ದೇವಾ” ಎಂದು, ಬೆಳೆ ಹೆಚ್ಚಲಿ ದೇವರೇ ಎಂದು, ಗದ್ದೆ ತುಂಬ ಕೂಗು. ಅಪ್ಪ ಓದುವುದನ್ನು ಒಂದು ಕ್ಷಣ ನಿಲ್ಲಿಸಿ ಕೂಗು ಮುಗಿಯಲು ಬಿಟ್ಟು ಮುಂದುವರಿಸುವರು. ಬೆಳಿಗ್ಗೆ ಎದ್ದು ಕುಡುಗೋಲು ಮಸೆಯುವರು. ಒಮ್ಮೆ ನಾನು, ಅವರ ದೇವರಿಗೆ ನಾವ್ಯಾಕೆ ಕಾಯಬೇಕು ಎಂದು ಕೇಳಿದಾಗ ಅಪ್ಪ, “ಕಾಯೋದು ಪೂಜೆ ಅಲ್ಲ ಮಗಳೇ, ಮರ್ಯಾದೆ,” ಎಂದರು. ನಮ್ಮ ಸಭೆಯ ಸುಗ್ಗಿಹಬ್ಬ ಅದಕ್ಕೇ ಮೊದಲಿನಿಂದಲೂ ಜನವರಿಯಲ್ಲಿ, ಭತ್ತವೆಲ್ಲ ಬಡಿದು ಒಳಗೆ ಬಂದ ಮೇಲೆ.

ಆ ವರ್ಷ ಕರಾವಳಿಯಿಂದ ನಮಗೆ ಹೊಸ ಪಾದ್ರಿ ಅಯ್ಯನವರು ಬಂದರು. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವಷ್ಟು ತಾಳ್ಮೆ ಉಳಿಯುತ್ತದೋ ಇಲ್ಲವೋ. ಕಾಯಿಲೆಯವರ ಮನೆಗೆ ಜಿಗಣೆ ಕಚ್ಚಿಸಿಕೊಂಡು ನಡೆದು ಹೋಗುತ್ತಿದ್ದರು, ಹಾರ್ಮೋನಿಯಂ ನುಡಿಸುತ್ತಿದ್ದರು. ಅವರ ಕಡೆ ಭತ್ತ ಬೇಗ ಕೊಯ್ಯುತ್ತಾರೆ. ಸುಗ್ಗಿಹಬ್ಬ ನವೆಂಬರಿನಲ್ಲಿ ಮುಗಿದುಹೋಗುತ್ತದೆ. ಎಲ್ಲ ಸಭೆಗಳೂ ಒಂದೇ ಆದ ಮೇಲೆ ಹಬ್ಬವೂ ಒಂದೇ ಭಾನುವಾರ ಆಗಲಿ ಎಂದು ಅವರಿಗೆ ತೋರಿತು. ಆರಾಧನೆಯ ಕೊನೆಗೆ ಪ್ರಕಟಣೆ ಓದಿದರು: ನವೆಂಬರಿನ ಇಂಥ ಭಾನುವಾರ ಸುಗ್ಗಿಹಬ್ಬ, ಈ ವರ್ಷದ ಹೊಸ ಕದಿರಿನ ಒಂದು ಕಂತೆ ಮೇಜಿನ ಮುಂದೆ ಇರಬೇಕು.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಬಾಯಿ ಬಿಡಲಿಲ್ಲ. ಬಿಟ್ಟರೆ ಕಾರಣ ಹೇಳಬೇಕಲ್ಲ. ದೇವಾಲಯದೊಳಗೆ ಎದ್ದುನಿಂತು, ಅಯ್ಯನವರೇ, ಇನ್ನೂ ಪುತ್ತರಿ ಆಗಿಲ್ಲ ಎಂದು ಯಾರು ಹೇಳುತ್ತಾರೆ? ಮೂರು ತಲೆಮಾರಿನಿಂದ ಎಲ್ಲರಿಗೂ ಗೊತ್ತಿದ್ದ ಏರ್ಪಾಡು ಅದು, ಗೊತ್ತಿದ್ದರಿಂದಲೇ ಯಾರೂ ಅದನ್ನು ಬಾಯಲ್ಲಿ ಆಡಿರಲಿಲ್ಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಎಲ್ಲರೂ ಆಮೆನ್ ಹೇಳಿ ಎದ್ದರು.

ನಾನು ಮಾತ್ರ ಅಯ್ಯನವರ ಮನೆಗೆ ಹೋಗಿ ಹೇಳಿದೆ. ಅವರು ಆಶ್ಚರ್ಯಪಟ್ಟರು.

“ನೀವು ಹೀಗೆ ಹೇಳುವುದಾ ಟೀಚರ್? ಈ ಸಭೆಯಲ್ಲಿ ನಿಮ್ಮಷ್ಟು ಕಟ್ಟುನಿಟ್ಟಿನವರು ಇಲ್ಲ ಅಂತ ಕೇಳಿದ್ದೆ. ಜೋಯಿಸರು ಇಟ್ಟ ಮುಹೂರ್ತಕ್ಕೆ ದೇವರ ಕಾಣಿಕೆ ಕಾಯಬೇಕಾ?”

“ಕಾಯೋದು ಪೂಜೆ ಅಲ್ಲ ಅಯ್ಯನವರೇ.”

“ಪೂಜೆ ಅಲ್ಲದಿದ್ದರೆ ಬಿಡಲಿಕ್ಕೆ ಏನು ಕಷ್ಟ?”

ನಾನು ಎದ್ದು ಹೊರಟೆ. ಅಪ್ಪ ಇದ್ದಿದ್ದರೆ ಏನು ಹೇಳುತ್ತಿದ್ದರೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಭೂಮಿ ದೇವರದು, ನಿಜ. ಆದರೆ ವಾರ ಒಡೆಯರದು, ಮನೆ ಒಡೆಯರದು, ಬೆಳಿಗ್ಗೆ ಎದ್ದರೆ ಮುಖ ನೋಡಬೇಕಾದ್ದೂ ಅವರದೇ.

ನಮ್ಮ ಸಭೆಯ ಯುವಕರಿಗೆ ಒಬ್ಬ ನಾಯಕನಿದ್ದ, ಎಸ್ಟೇಟಿನಲ್ಲಿ ರೈಟರ್. ಕೂಲಿಯವರ ಹಾಜರಿ ಬರೆಯುವ ಕೆಲಸ, ಉಳಿದ ಹೊತ್ತೆಲ್ಲ ರಾಜಕೀಯ. ಮೈಸೂರಿಗೆ ಸೇರಲೇಬೇಕೆಂಬ ಪಕ್ಷದವನು. ಅತ್ತಿಗೆಯ ಗದ್ದೆಯ ಒಡೆಯರು ಸೇರಬಾರದೆನ್ನುವ ಪಕ್ಷ. ಕದಿರಿನ ಮಾತು ಬಂದದ್ದೇ ತಡ, ಅವನಿಗೆ ಹಬ್ಬ. “ನಾಳೆ ಮೈಸೂರಿಗೆ ಸೇರಿದ ಮೇಲೆ ಇವ್ರ ಕಟ್ಟುಪಾಡು ಯಾರು ಕೇಳ್ತಾರೆ? ಈಗ್ಲೇ ಶುರು ಮಾಡುವ,” ಎಂದು ಹೇಳಿಕೊಂಡು ತಿರುಗಿದ. ಹಬ್ಬದ ಹಿಂದಿನ ದಿನ, ಶನಿವಾರ, ಅತ್ತಿಗೆ ಮಕ್ಕಳನ್ನು ಕರೆದುಕೊಂಡು ವಿರಾಜಪೇಟೆಗೆ ಹೋಗಿದ್ದಳು, ನಾನು ಶಾಲೆಯಲ್ಲಿದ್ದೆ. ಅವನೂ ಅವನ ಇಬ್ಬರು ಸ್ನೇಹಿತರೂ ಗದ್ದೆಗೆ ಇಳಿದು, ನೀರಿನ ತೋಡಿನ ಬದಿಯ ಮೂಲೆಯಲ್ಲಿ ಬೇಗ ಹಣ್ಣಾಗಿದ್ದ ಕೆಂಪು ಭತ್ತವನ್ನು ಒಂದು ತೆಕ್ಕೆ ಕೊಯ್ದರು. ಯಾರನ್ನೂ ಕೇಳಲಿಲ್ಲ. ದೇವರ ಕೆಲಸಕ್ಕೆ ಕೇಳುವುದೇನು ಎಂದುಕೊಂಡಿರಬೇಕು.

ಭಾನುವಾರ ದೇವಾಲಯಕ್ಕೆ ಹೋದರೆ ಮೇಜಿನ ಮುಂದೆ ಆ ಕಂತೆ ನಿಂತಿತ್ತು, ಯಾರದೋ ಜಡೆಯ ಕೆಂಪು ರಿಬ್ಬನ್ ಸುತ್ತಿಕೊಂಡು. ಪಕ್ಕದಲ್ಲಿ ಕುಂಬಳಕಾಯಿ, ಬಾಳೆಗೊನೆ, ಕಾಲು ಕಟ್ಟಿದ ಎರಡು ಕೋಳಿ. ಗೀತೆ ಹಾಡುತ್ತಿದ್ದ ಅತ್ತಿಗೆ ನಡುವೆ ನಿಂತುಬಿಟ್ಟಳು. ಊರಿನಲ್ಲಿ ಆ ಕೆಂಪು ಭತ್ತ ಹಾಕಿದ್ದವಳು ಅವಳೊಬ್ಬಳೇ. ನನ್ನ ಕೈ ಹಿಡಿದು, “ಅದು ನಂದು,” ಎಂದಳು. ಅಷ್ಟೇ ಹೇಳಿದಳು. ನಾನು ಗೀತೆ ಮುಂದುವರಿಸಿದೆ, ಬೇರೇನು ಮಾಡಬೇಕೆಂದು ತೋಚಲಿಲ್ಲ.

ಸುದ್ದಿ ಮುಟ್ಟಲು ತಡವೇನಾಗಲಿಲ್ಲ. ಒಡೆಯರು ತಾವೇ ಬಂದರು. ಬದುವಿನ ಮೇಲೆ ನಿಂತರು, ಗದ್ದೆಗೆ ಇಳಿಯಲಿಲ್ಲ. ಬಯ್ಯುತ್ತಾರೆಂದು ಅಂಗಳದಲ್ಲಿ ನಾವಿಬ್ಬರೂ ಸಿದ್ಧವಾಗಿ ನಿಂತಿದ್ದೆವು. ಬಯ್ಯಲಿಲ್ಲ.

“ನಮ್ಮ ಮನೆಗೆ ಕದಿರು ತೆಗೆಯೋದು ಈ ಗದ್ದೆಯಿಂದಲೇ, ನಿಂಗೆ ಗೊತ್ತುಂಟಲ್ಲ?” ಎಂದು ಅತ್ತಿಗೆಯನ್ನು ಕೇಳಿದರು. “ಕುಡುಗೋಲು ಬಿದ್ದ ಗದ್ದೆಯಿಂದ ಇನ್ನು ಹೇಗೆ ತೆಗೆಯೋದು?”

“ನಾನು ಕೊಯ್ದದ್ದಲ್ಲ ಸ್ವಾಮಿ.”

“ಯಾರು ಕೊಯ್ದ್ರು ಅಂತಲೂ ಗೊತ್ತುಂಟು. ಆದ್ರೆ ಗದ್ದೆ ಮಾಡೋದು ನೀನು. ಊರಿನ ಹಿರಿಯರು ಸೇರಿ ಮಾತಾಡಿದ್ದಾರೆ. ದಂಡ ಎಂತದೂ ಇಲ್ಲ. ಪುತ್ತರಿಗೆ ಮೊದಲು ನಿನ್ನ ಹೆಸರಲ್ಲಿ ಭಗವತಿಗೆ ಒಂದು ಕಾಯಿ ಒಡೆಸು, ತಪ್ಪು ಕಾಣಿಕೆ ಅಂತ. ನೀನೇ ಬಂದು ನಿಂತು ತಪ್ಪಾಯ್ತು ಅಂದ್ರೆ ಸಾಕು. ಇಲ್ಲದಿದ್ರೆ ಈ ಬೆಳೆ ಎತ್ತಿದ ಮೇಲೆ ಗದ್ದೆ ಬಿಡಬೇಕಾಗ್ತದೆ. ನನ್ನ ಕೈಯಲ್ಲಿ ಇಲ್ಲ ಇದು.”

ಅವರು ಹೋದ ಮೇಲೆ ಅತ್ತಿಗೆ ಅಂಗಳದ ಕಲ್ಲಿನ ಮೇಲೆ ಕೂತಳು. ಒಂದು ತೆಂಗಿನಕಾಯಿ. ದಂಡ ಹಾಕಿದ್ದರೆ ಕೊಡಬಹುದಿತ್ತು, ಕಾಲು ಹಿಡಿ ಎಂದಿದ್ದರೆ ಹಿಡಿಯಬಹುದಿತ್ತು. ನಮ್ಮ ಮನೆಯಲ್ಲಿ ಮೂರು ತಲೆಮಾರು ಮಾಡದೆ ಉಳಿಸಿಕೊಂಡು ಬಂದದ್ದು ಅದೊಂದನ್ನೇ, ಅದನ್ನೇ ಅವರು ಅಷ್ಟು ಸೌಮ್ಯವಾಗಿ ಕೇಳಿದ್ದರು.

ಆಮೇಲೆ ಎಲ್ಲರಿಗೂ ಅಭಿಪ್ರಾಯವಿತ್ತು. ರೈಟರ್ ಬಂದು ಕೋರ್ಟಿಗೆ ಹೋಗೋಣ ಎಂದ, ಗೇಣಿದಾರರಿಗೆ ಕಾನೂನು ಬರುತ್ತದೆ, ಮೈಸೂರಿಗೆ ಸೇರಲಿ ನೋಡು ಎಂದ. ಅತ್ತಿಗೆ ಅವನ ಮುಖವನ್ನೇ ನೋಡಿ, “ಅಲ್ಲಿವರೆಗೆ ಮಕ್ಕಳಿಗೆ ಎಂತ ಬೇಯಿಸಿ ಹಾಕಲಿ, ನಿನ್ನ ಭಾಷಣವಾ?” ಎಂದಳು. ನಾನು ಅಯ್ಯನವರ ಮನೆಗೆ ಹೋದೆ. ತಾನು ಕಂತೆ ಬೇಕು ಎಂದದ್ದು ನಿಜ, ಹೀಗೆ ತರಲು ಹೇಳಿರಲಿಲ್ಲ ಎಂದರು. ಅದೂ ನಿಜವೇ. ಆಮೇಲೆ ದನಿ ತಗ್ಗಿಸಿ, “ವಿಗ್ರಹ ಅಂದರೆ ಏನೂ ಅಲ್ಲ ಅಂತ ತಿಳಿದವರಿಗೆ ಒಂದು ತೆಂಗಿನಕಾಯಿ ಬರೀ ತೆಂಗಿನಕಾಯಿಯೇ ಅಲ್ಲವಾ? ದೇಶದ ಪದ್ಧತಿ ಅಂತ ನೋಡಬಹುದು,” ಎಂದರು.

ನನಗೆ ಉರಿದುಹೋಯಿತು. “ಮುಹೂರ್ತಕ್ಕೆ ಕಾಯೋದು ತಪ್ಪು, ಕಾಯಿ ಒಡೆಸೋದು ಸರಿ. ಇದು ಯಾವ ವೇದಶಾಸ್ತ್ರ ಅಯ್ಯನವರೇ? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೀತು ಅಂತಾರೆ, ನೀವು ಒಬ್ಬರೇ ಎರಡೂ ಕಡೆ ಎಳೀತೀರಿ.”

ಹೇಳಿದ್ದಕ್ಕೆ ಆಗ ಖುಷಿಯಾಯಿತು. ಮನೆಗೆ ಬಂದ ಮೇಲೆ ಖುಷಿ ಉಳಿಯಲಿಲ್ಲ. ಅತ್ತಿಗೆ ಒಲೆಯ ಮುಂದೆ ಅಕ್ಕಿರೊಟ್ಟಿ ಸುಡುತ್ತ, ತಿರುಗದೆಯೇ ಕೇಳಿದಳು.

“ಅವರೆಲ್ಲ ಹೇಳಿ ಆಯ್ತು. ಟೀಚರಮ್ಮ ಏನು ಹೇಳ್ತೀ?”

“ಆಗೋದಿಲ್ಲ ಅತ್ತಿಗೆ. ಅಲ್ಲಿ ನಿಂತು ತಪ್ಪಾಯ್ತು ಅನ್ನೋದು ನಮಗೆ ಆಗೋದಿಲ್ಲ.”

“ಗೊತ್ತಿತ್ತು. ನಂಗೂ ಆಗೋದಿಲ್ಲ. ಸುಮ್ಮನೆ ಕೇಳಿದೆ.”

ರೊಟ್ಟಿ ಮಗುಚಿದಳು. ಮರುದಿನ ಎಸ್ಟೇಟಿಗೆ ಹೋಗಿ ಮೇಸ್ತ್ರಿಯ ಹತ್ತಿರ ಲೈನಿನಲ್ಲಿ ಮನೆ ಖಾಲಿ ಇದೆಯಾ ಎಂದು ವಿಚಾರಿಸಿಕೊಂಡು ಬಂದಳು. ನನಗೆ ಸಂಬಳವಿತ್ತು, ಶಾಲೆಯ ಹಿಂದೆ ಒಂದು ಕೋಣೆಯೂ ಸಿಗುತ್ತಿತ್ತು. ಮಕ್ಕಳ ಜೊತೆ ಅಲ್ಲಿಗೆ ಬಂದುಬಿಡು ಎಂದರೆ ಕೇಳಲಿಲ್ಲ, ದುಡಿಯುವ ಕೈ ಕಟ್ಟಿಕೊಂಡು ನಾದಿನಿಯ ಅನ್ನಕ್ಕೆ ಕೂರುವವಳಲ್ಲ ಅವಳು. ನಂಬಿಕೆ ನನ್ನದೂ ಹೌದು ಅವಳದೂ ಹೌದು, ಆದರೆ ಅದರ ಮೂಟೆ ಪೂರ್ತಿ ಅವಳ ತಲೆಯ ಮೇಲೆ ಬಿದ್ದಿತ್ತು. ಬೇಡ, ಆಗದು ಎನ್ನುವ ನನಗೆ ಆವರೆಗೆ ಅದಕ್ಕೆ ಬೆಲೆ ತೆರಬೇಕಾಗಿ ಬಂದಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಒಂದು ದಿನ ಒಡೆಯರ ಮನೆಗೆ ಹೋದೆ. ಒಡೆಯರನ್ನು ನೋಡಲಿಕ್ಕಲ್ಲ, ಅವರ ತಾಯಿಯನ್ನು. ಊರವರೆಲ್ಲ ಅವರನ್ನು ದೊಡ್ಡವ್ವ ಎನ್ನುತ್ತಿದ್ದರು. ಮುಂಗಾರಿನಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟಾದ ಮೇಲೆ ಅಂಗಳ ದಾಟಿರಲಿಲ್ಲ. ಜಗಲಿಯ ಕಂಬಗಳ ನಡುವಿನ ಹಲಗೆಯ ಮೇಲೆ ಕೂತು ಎಲೆಯಡಿಕೆ ಕುಟ್ಟುತ್ತಿದ್ದರು.

“ನಿನ್ನ ಅಪ್ಪ ಇದ್ದಿದ್ರೆ ಇದು ಆಗ್ತಿರ್ಲಿಲ್ಲ ಕುಂಞಿ,” ಎಂದರು. ನಲವತ್ತು ದಾಟಿದ ನನ್ನನ್ನು ಮಗು ಎಂದು ಕರೆಯಲು ಊರಿನಲ್ಲಿ ಅವರೊಬ್ಬರೇ ಉಳಿದಿದ್ದರು.

“ಆಗ್ತಿರಲಿಲ್ಲ ದೊಡ್ಡವ್ವ.”

“ಒಂದು ಕಾಯಿ ಒಡೆದ್ರೆ ನಿಮ್ಮ ದೇವ್ರಿಗೆ ಅಷ್ಟು ಕೋಪವಾ?”

“ಕೋಪ ಅಂತಲ್ಲ. ನಾವು ಕ್ರೈಸ್ತರಾದಾಗ ಅಜ್ಜ ಕೈ ಬಿಟ್ಟದ್ದು ಅದನ್ನೇ. ಈಗ ಮತ್ತೆ ಹಿಡಿದ್ರೆ, ಇಷ್ಟು ದಿನ ನಾವು ಬಾಗಿಲು ಹಾಕಿ ಕೂತದ್ದಕ್ಕೆ ಅರ್ಥ ಇಲ್ಲ. ಬೇರೆ ಏನು ಹೇಳಿದ್ರೂ ಅತ್ತಿಗೆ ಮಾಡ್ತಾಳೆ. ಗದ್ದೆ ಹೋದ್ರೆ ಅವಳಿಗೆ ಲೈನೇ ಗತಿ.”

ದೊಡ್ಡವ್ವ ಕುಟ್ಟುವುದನ್ನು ನಿಲ್ಲಿಸಿದರು. ಆಮೇಲೆ, “ಬೆಲ್ಲದ ಕಾಫಿ ಕೊಟ್ರೆ ಕುಡೀತೀಯಾ, ಅದಕ್ಕೂ ಆಗೋದಿಲ್ವಾ?” ಎಂದು ಕೇಳಿದರು. ಕುಡಿದೆ. ಮೊಮ್ಮಕ್ಕಳ ಸುದ್ದಿ, ಸೊಂಟದ ಸುದ್ದಿ, ಮೈಸೂರಿಗೆ ಸೇರಿದರೆ ಕೋವಿ ಕಿತ್ತುಕೊಳ್ಳುತ್ತಾರಂತೆ ಹೌದಾ ಎಂಬ ಪ್ರಶ್ನೆ. ಗದ್ದೆಯ ಮಾತು ಮತ್ತೆ ಬರಲಿಲ್ಲ. ಬಂದ ಕೆಲಸ ಕೆಟ್ಟಿತೆಂದುಕೊಂಡು ಹೊರಟೆ.

ಪುತ್ತರಿಯ ಸಂಜೆ ನಾವು ಎಂದಿನಂತೆ ಬಾಗಿಲು ಮುಂದೆ ಮಾಡಿ ಕೂತೆವು. ಈ ಸಲ ಕದಿರು ಬೇರೆ ಗದ್ದೆಯಿಂದ ತೆಗೆಯುತ್ತಾರೆ, ಇಲ್ಲಿ ಸದ್ದಿರುವುದಿಲ್ಲ ಎಂದುಕೊಂಡಿದ್ದೆವು. ಗುಂಡು ನಮ್ಮ ಅಂಗಳದ ಪಕ್ಕದಲ್ಲೇ ಹಾರಿತು. ಕೂಗು ನಮ್ಮ ಗದ್ದೆಯಿಂದಲೇ ಎದ್ದಿತು. ಅತ್ತಿಗೆ ಕಿವಿಗೊಟ್ಟು ಕೂತಳು. ನಾನು ಕೀರ್ತನೆಯ ಯಾವ ಸಾಲಿನಲ್ಲಿದ್ದೆನೆಂದು ಮರೆತು ಮೊದಲಿಂದ ಓದಿದೆ.

ಬೆಳಿಗ್ಗೆ ಒಡೆಯರು ಬಂದು, ಕೊಯ್ಲು ಶುರು ಮಾಡಬಹುದು ಎಂದರು. ಅವರ ದನಿಯಲ್ಲಿ ಸಿಡುಕಿತ್ತು. “ಅವ್ವ ಯಾರ ಮಾತೂ ಕೇಳ್ಲಿಲ್ಲ. ನಿನ್ನೆ ಬೆಳಿಗ್ಗೆ ಇಬ್ಬರ ಹೆಗಲು ಹಿಡ್ಕೊಂಡು ಭಗವತಿಗೆ ಹೋದ್ರು. ಗದ್ದೆ ನಂದು, ತಪ್ಪೂ ನಂದೇ ಅಂತ ಹೇಳಿ, ತನ್ನ ಹೆಸರಲ್ಲೇ ಕಾಯಿ ಒಡೆಸಿದ್ರು. ಹಿರಿಯರು ಎಂತ ಹೇಳೋದು ಅದಕ್ಕೆ? ಈಗ ಸೊಂಟ ನೋವಿಗೆ ಮಲಗಿದ್ದಾರೆ.” ಹೋಗುವಾಗ ತಿರುಗಿ, “ಗದ್ದೆ ನೀನೇ ಮಾಡು,” ಎಂದರು.

ಅತ್ತಿಗೆ ಅಂಗಳದಲ್ಲೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಣ್ಣ ಸತ್ತಾಗಲೂ ನಾನು ಅವಳನ್ನು ಹಾಗೆ ಅತ್ತದ್ದು ನೋಡಿರಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು, ಕುಡುಗೋಲು ಎಲ್ಲಿಟ್ಟೆ ಎಂದು ಮಕ್ಕಳಿಗೆ ಬಯ್ಯಲು ಶುರುಮಾಡಿದಳು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಕ್ರಿಸ್ಮಸ್ಸಿಗೆ ಕಳ್ಳು ಹಾಕಿ ಹುದುಗಿಸಿದ ಅಪ್ಪಗಳು ಮುಗಿಯುವ ಮೊದಲೇ ಸಭೆಯ ಕಮಿಟಿಯಲ್ಲಿ ಒಬ್ಬ ಹಿರಿಯರು ಪ್ರಶ್ನೆ ಎತ್ತಿದರು. ನಮ್ಮ ಸಭೆಯ ಒಬ್ಬ ಸದಸ್ಯೆಯ ತಪ್ಪಿಗಾಗಿ ವಿಗ್ರಹದ ಮುಂದೆ ಕಾಯಿ ಒಡೆದಿದೆ, ಅದರ ಲಾಭ ಆಕೆಗೆ ಸಿಕ್ಕಿದೆ. ವಿಚಾರಣೆಯಿಲ್ಲದೆ ಆಕೆ ಕರ್ತನ ರಾತ್ರಿಭೋಜನಕ್ಕೆ, ಮೇಜಿನ ಮುಂದೆ ರೊಟ್ಟಿ ತೆಗೆದುಕೊಳ್ಳಲು, ಬರಬಹುದೇ? ಇದನ್ನು ಎತ್ತಿದವರು ರೈಟರ್ ಕಡೆಯವರಲ್ಲ, ಅಯ್ಯನವರ ಕಡೆಯವರೂ ಅಲ್ಲ. ನನ್ನ ಪಕ್ಷದವರು. ಮೇಣದಬತ್ತಿ ಬೇಡ, ತಾಳ ಬೇಡ ಎಂದು ನನ್ನ ಜೊತೆ ಕೈಯೆತ್ತಿದವರು. ಪ್ರಶ್ನೆ ತಪ್ಪೆಂದು ನಾನು ಹೇಳಲಾರೆ. ಬೇರೆ ಯಾರ ವಿಷಯದಲ್ಲಾದರೂ ನಾನೇ ಎತ್ತುತ್ತಿದ್ದೆ.

ಅತ್ತಿಗೆಯನ್ನು ಕರೆಸಿದರು. ಶಾಲೆಯ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತಳು. ಪ್ರಶ್ನೆ ಎತ್ತಿದ ಹಿರಿಯರೇ ಕೇಳಿದರು.

“ಅವರು ಕಾಯಿ ಒಡೆಸ್ತಾರೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?”

“ಇಲ್ಲ.”

“ನೀವು ಕೇಳಿಕೊಂಡದ್ದುಂಟಾ?”

“ಇಲ್ಲ.”

“ಗೊತ್ತಾದ ಮೇಲೆ, ಇದು ನನಗೆ ಒಪ್ಪಿಗೆ ಇಲ್ಲ ಅಂತ ಹೋಗಿ ಹೇಳಿದ್ರಾ?”

“ಇಲ್ಲ. ಕೊಯ್ಲಿಗೆ ಹೋದೆ.” ಆಮೇಲೆ, “ಆ ಅಮ್ಮನಿಗೆ ಹಾಗೆ ಹೇಳೋಕೆ ನನ್ನ ನಾಲಿಗೆ ಏಳೋದಿಲ್ಲ. ಈಗ ಕಳಿಸಿದ್ರೂ ಹೇಳೋದಿಲ್ಲ,” ಎಂದಳು.

ಅಯ್ಯನವರು ಮೇಜಿನ ಮೇಲಿನ ಶಾಯಿಯ ಕಲೆ ನೋಡುತ್ತ ಕೂತಿದ್ದರು. ಒಂದು ಮಾತು ಹೇಳಿ ಇದನ್ನು ಮುಗಿಸಬಹುದಿತ್ತು. ಕಂತೆ ಕೇಳಿದ ಬಾಯಿಗೆ ಆ ಮಾತು ಬರಲಿಲ್ಲ. ಹಿರಿಯರು ನನ್ನ ಕಡೆ ತಿರುಗಿ, ಟೀಚರ್ ಏನು ಹೇಳುತ್ತಾರೆ ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಆ ಕೋಣೆಯಲ್ಲಿ ನನ್ನ ಬಾಯಿಂದ ಈ ಮಾತು ಯಾರೂ ಕೇಳಿರಲಿಲ್ಲ.

ನಿಜವಾಗಿಯೂ ನನಗೆ ಗೊತ್ತಿರಲಿಲ್ಲ. ಆ ಕಾಯಿ ತಪ್ಪು ಎಂದೇ ನಾನು ನಂಬುತ್ತೇನೆ, ಇವತ್ತೂ. ಇನ್ನೊಬ್ಬರ ತಪ್ಪನ್ನು ತಾನು ಹೊತ್ತು ಅವರನ್ನು ಬಿಡಿಸುವುದು ನಮ್ಮ ನಂಬಿಕೆಯ ನಡುಗಂಬವೆಂದೂ ನಂಬುತ್ತೇನೆ. ಬಾಲ್ಯದಿಂದ ಇದರ ಮೇಲೆ ಪಾದ್ರಿಗಳ ಎಷ್ಟು ಪ್ರಸಂಗ, ಎಷ್ಟು ಬೋಧನೆ ಕೇಳಿದ್ದೇನೋ. ಆದರೆ ನಮ್ಮ ಊರಿನಲ್ಲಿ ನನ್ನ ಕಣ್ಣೆದುರು ಹಾಗೆ ಮಾಡಿದ್ದು ಒಂದೂ ಪ್ರಸಂಗ ಕೇಳದ ಮುದುಕಿ, ಅದೂ ನಾನು ಕೈಮುಗಿಯದ ದೇವರ ಮುಂದೆ. ಇವೆರಡನ್ನೂ ಒಂದೇ ಬುಟ್ಟಿಯಲ್ಲಿಡಲು ನನಗೆ ಬರುವುದಿಲ್ಲ. ಅಯ್ಯನವರು ಒಮ್ಮೆ, ಇದನ್ನು ಶುಭ ಶುಕ್ರವಾರಕ್ಕೆ ಮೊದಲಿನ ಶ್ರಮಕಾಲದ ಪ್ರಸಂಗಕ್ಕೆ ಉದಾಹರಣೆ ಮಾಡಿಕೊಳ್ಳಲೇ ಎಂದು ಕೇಳಿದರು. ಬೇಡಿ ಎಂದೆ. ದೊಡ್ಡವ್ವ ಸೊಂಟ ನೋಯಿಸಿಕೊಂಡದ್ದು ನಮಗೆ ಉದಾಹರಣೆ ಸಿಗಲಿ ಎಂದಲ್ಲ.

ಕಮಿಟಿ ವಿಷಯವನ್ನು ಮುಂದಿನ ತಿಂಗಳಿಗೆ ಹಾಕಿತು. ಮುಂದಿನ ತಿಂಗಳು ದೇವಾಲಯದ ಹೆಂಚಿನ ವಿಷಯ ಬಂತು. ಅದರ ಮುಂದೆ, ಮೇಲಿನವರ ಅಭಿಪ್ರಾಯ ಕೇಳೋಣ ಎಂದಾಯಿತು. ನಾವು ಯಾರ ಕೆಳಗೆ, ಮಲಬಾರಿನವರ ಕೆಳಗೋ ಮೈಸೂರಿನವರ ಕೆಳಗೋ ಎಂಬುದೇ ಇತ್ಯರ್ಥವಾಗದೆ ಕೇಳುವುದು ಯಾರನ್ನು ಎಂದು ನಿಂತಿತು. ಕೊಡಗು ಮೈಸೂರಿಗೆ ಸೇರಿಯೂ ಹೋಯಿತು, ಸುಗ್ಗಿಹಬ್ಬ ಸ್ಥಳೀಯ ಅನುಕೂಲಕ್ಕಾಗಿ ಮತ್ತೆ ಜನವರಿಗೆ ಹೋಯಿತು, ಅತ್ತಿಗೆಯ ವಿಷಯದ ತೀರ್ಮಾನ ಮಾತ್ರ ಇಂದಿಗೂ ಬಂದಿಲ್ಲ. ಆ ದಿನಗಳಲ್ಲಿ ಅವಳಿಗೆ ಯಾರೂ ಬರಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಅವಳು ಪ್ರತಿ ಭಾನುವಾರ ಬಂದು ಹಿಂದಿನ ಬೆಂಚಿನಲ್ಲಿ ಕೂತಳು. ರಾತ್ರಿಭೋಜನದ ಹೊತ್ತಿಗೆ ತಲೆತಗ್ಗಿಸಿ ಸೆರಗಿನ ಅಂಚು ನೋಡಿಕೊಳ್ಳುತ್ತಿದ್ದಳು. ಗದ್ದೆ ಉಳಿಯಿತು, ಮೇಜು ತಪ್ಪಿತು. ನಾನು ಮುಂದೆ ಹೋಗಿ ರೊಟ್ಟಿ ತಿಂದು ಬರುವಾಗಲೆಲ್ಲ ಆ ಬೆಂಚಿನ ಕಡೆ ನೋಡದೆ ದಾಟುತ್ತಿದ್ದೆ.

ಅದೇ ಬೇಸಿಗೆಯ ಶುಭ ಶುಕ್ರವಾರ ಬಂತು. ದೇವಾಲಯ ತುಂಬಿತ್ತು. ಎಸ್ಟೇಟಿನ ಕಾಫಿ ಹೂವಿನ ವಾಸನೆಗೆ ತಲೆ ಭಾರವಾಗುತ್ತಿತ್ತು. ನಾನು ಆ ದಿನ ಹಿಂದಿನ ಬೆಂಚಿಗೆ ಹೋಗಿ ಅತ್ತಿಗೆಯ ಪಕ್ಕದಲ್ಲಿ ಕೂತೆ. ರಾತ್ರಿಭೋಜನಕ್ಕೆ ಎದ್ದ ಗಂಡಸರ ಸಾಲು ಮುಗಿಯಿತು. ಹೆಂಗಸರಲ್ಲಿ ಮೊದಲು ಏಳುವುದು ನಾನು. ಅದು ಎಂದೋ ಆದ ರೂಢಿ, ನಾನೆದ್ದ ಮೇಲೆ ಉಳಿದವರು. ನಾನು ಏಳಲಿಲ್ಲ. ಅಯ್ಯನವರು ತಟ್ಟೆ ಹಿಡಿದು ಕಾದರು. ಹೆಂಗಸರು ಒಬ್ಬೊಬ್ಬರಾಗಿ ತಿರುಗಿ ನನ್ನನ್ನು ನೋಡಿದರು.

“ಹೋಗು, ಕಾಯ್ತಾ ಇದ್ದಾರೆ,” ಎಂದು ಅತ್ತಿಗೆ ಪಿಸುಗುಟ್ಟಿದಳು.

“ಕಾಲು ನೋಯ್ತಾ ಉಂಟು.”

ಶುಭ ಶುಕ್ರವಾರ, ದೇವಾಲಯದೊಳಗೆ, ಶುದ್ಧ ಸುಳ್ಳು. ಅತ್ತಿಗೆ ನನ್ನ ಮುಖ ನೋಡಿದಳು, ಆಮೇಲೆ ನನ್ನ ಕಾಲು ನೋಡಿದಳು. ಅವಳ ಕಣ್ಣು ತುಂಬಿತು. “ನನ್ನಿಂದ ನಿಂಗೆ ಇದು ತಪ್ಪೋದು ಬೇಡ,” ಎಂದು ಎದ್ದು, ತಲೆಯ ಮೇಲೆ ಸೆರಗು ಎಳೆದುಕೊಂಡು, ನನ್ನ ಮೊಣಕೈ ಹಿಡಿದು ಎಬ್ಬಿಸಿದಳು. ಕಾಲು ಸೋತವಳನ್ನು ಕರೆದೊಯ್ಯುವ ಹಾಗೆ ನಿಧಾನವಾಗಿ, ಎಲ್ಲರ ಕಣ್ಣೆದುರು, ನನ್ನನ್ನು ಮುಂದಿನವರೆಗೂ ನಡೆಸಿಕೊಂಡು ಹೋದಳು. ಪ್ರಶ್ನೆ ಎತ್ತಿದ್ದ ಹಿರಿಯರು ಅಡ್ಡ ಬರಲಿಲ್ಲ.

ಅಯ್ಯನವರು ನನ್ನ ಕೈಯಲ್ಲಿ ರೊಟ್ಟಿ ಇಟ್ಟರು. ಪಕ್ಕಕ್ಕೆ ತಿರುಗಿದಾಗ ಅವರ ಕೈ ನಿಂತಿತು. ಅತ್ತಿಗೆ ಅವರ ಮುಖ ನೋಡಲಿಲ್ಲ. ಒಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡೇ, ಗದ್ದೆಯ ಕೆಲಸಕ್ಕೆ ಒಡೆದಿದ್ದ ಇನ್ನೊಂದು ಕೈಯನ್ನು ಚಾಚಿದಳು. ಅವರು ಅದರಲ್ಲಿಯೂ ಇಟ್ಟರು. ನಮ್ಮ ಹಿಂದೆ ಹೆಂಗಸರು ಏಳುವ ಸದ್ದು ಕೇಳಿಸಿತು.

ವಾಪಸು ಬರುವಾಗಲೂ ಅತ್ತಿಗೆ ನನ್ನ ಮೊಣಕೈ ಬಿಡಲಿಲ್ಲ. ಬೆಂಚಿನವರೆಗೂ ನಾನು ಕುಂಟಿಕೊಂಡೇ ಬಂದೆ.